ರಸ್ತೆಯೇ ಕಣವಾದರೆ

ಮಾಗಿಯ ಚಳಿ ಬಿದ್ದಿದೆ. ಬೆಳಗ್ಗೆ ಹೊತ್ತೇರಿದರೂ ಶಿಂಷೆಯ ಬಯಲಿನ ಮೇಲೆ ಕವಿದ ಮಂಜು ಸರಿಯುವುದಿಲ್ಲ. ನಮ್ಮ ಸೀಮೆಯ ಚಳಿ ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತರೆ ಕಳೆಯುವಂಥದ್ದೇ. ಆದರೆ ರೈತನಿಗೆ ಕೂರಲು ಬಿಡುವೆಲ್ಲಿ? ಗದ್ದೆಯಲ್ಲಿ ಭತ್ತದ ಕೊಯ್ಲು, ಹೊಲದಲ್ಲಿ ರಾಗಿಯ ಮೆದೆ, ಹುರುಳಿ ಕೀಳುವ ಕೆಲಸ, ಆಲೆಮನೆಗೆ ಕಬ್ಬು ಸಾಗಿಸುವ ಆತುರ, ಇವೆಲ್ಲವೂ ಒಟ್ಟಿಗೆ ಬರುವುದು ಈ ಎರಡು ತಿಂಗಳಲ್ಲೇ. ಈ ಗಡಿಬಿಡಿಯಲ್ಲಿ ನಾವು ಪ್ರತಿವರ್ಷ ಮಾಡುತ್ತಿರುವ ಒಂದು ತಪ್ಪಿನ ಬಗ್ಗೆ ಈ ವಾರ ಮಾತಾಡಬೇಕಾಗಿದೆ. ಅದು ರಸ್ತೆಯ ಮೇಲಿನ ಒಕ್ಕಣೆ.

ಮದ್ದೂರು, ಮಳವಳ್ಳಿ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಈಗ ರಾಗಿ ತೆನೆ, ಹುರುಳಿ ಬಳ್ಳಿ ಹರಡಿರುವುದು ಕಾಣುತ್ತದೆ. ಬಸ್ಸು, ಲಾರಿ ಹರಿದರೆ ಕೂಲಿಯಿಲ್ಲದೆ ಕಾಳು ಉದುರುತ್ತದೆ ಎಂಬುದು ಲೆಕ್ಕ. ರೈತ ಇದನ್ನು ಉದ್ಧಟತನದಿಂದ ಮಾಡುತ್ತಾನೆ ಎಂದು ನಾವು ಹೇಳುವುದಿಲ್ಲ. ಹಿಂದೆ ಊರ ಸುತ್ತ ಕಣಗಳಿದ್ದವು. ಸಗಣಿ ಬಗ್ಗಡದಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ರೋಣುಗಲ್ಲು ಎಳೆಸಿ, ರಾಶಿಗೆ ಪೂಜೆ ಮಾಡಿಯೇ ಕಾಳು ಅಳೆಯುತ್ತಿದ್ದರು. ಇಂದು ಎತ್ತಿಲ್ಲ, ಆಳು ಸಿಗುವುದಿಲ್ಲ, ಕಣವಿದ್ದ ಜಾಗ ನಿವೇಶನವಾಗಿದೆ. ಉಳಿದದ್ದು ಡಾಂಬರು ರಸ್ತೆಯೊಂದೇ.

ಆದರೆ ಈ ಪುಕ್ಕಟೆ ಒಕ್ಕಣೆಗೆ ತೆರುವ ಬೆಲೆ ಏನು? ಬೈಕಿನವನು ಹುಲ್ಲಿನ ಮೇಲೆ ಜಾರಿ ಬೀಳುತ್ತಾನೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವುದೂ ಉಂಟು. ಎಲ್ಲಕ್ಕಿಂತ ಅಪಾಯ, ರಾಶಿಯ ಸುತ್ತ ಇಟ್ಟ ಕಲ್ಲುಗಳದು. ಕಾಳು ಮನೆ ಸೇರುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ನಸುಕಿನ ಮಂಜಿನಲ್ಲಿ ಡೇರಿಗೆ ಹಾಲು ಹೊತ್ತು ಹೊರಟವನಿಗೆ ಆ ಕಲ್ಲು ಕಾಣುವುದು ಹೇಗೆ? ಬೀಳುವವರು ಹೊರಗಿನವರಲ್ಲ, ನಮ್ಮದೇ ಮನೆಯ ಮಕ್ಕಳು, ನೆರೆಯೂರಿನ ನೆಂಟರು.

ಬೆಳೆಗೂ ಇದು ಒಳ್ಳೆಯದಲ್ಲ. ಚಕ್ರದಡಿ ಕಾಳು ಒಡೆಯುತ್ತದೆ. ಕಲ್ಲು, ಮರಳು, ಎಣ್ಣೆಯ ಜಿಡ್ಡು ಸೇರುತ್ತದೆ. ರಾತ್ರಿ ರಸ್ತೆಬದಿಯಲ್ಲಿ ಮುಚ್ಚದೆ ಬಿಟ್ಟ ರಾಶಿ ಇಬ್ಬನಿ ಕುಡಿಯುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಭತ್ತಕ್ಕೆ ಶೇಕಡ 17ರವರೆಗೆ, ರಾಗಿಗೆ ಶೇಕಡ 12ರವರೆಗೆ ಮಾತ್ರ ತೇವಾಂಶಕ್ಕೆ ಅವಕಾಶ. ಅದಕ್ಕಿಂತ ಹೆಚ್ಚಿದ್ದು ಮೂಟೆ ತಿರಸ್ಕೃತವಾದರೆ ಕಡಿಮೆ ಬೆಲೆಗೆ ದಲ್ಲಾಳಿಯ ಕೈಗೆ ಕೊಡಬೇಕಾಗುತ್ತದೆ. ಉಳಿಸಿದ ಕೂಲಿ ಅಲ್ಲಿಗೆ ಕರಗಿತು. ಧೂಳು, ಎಣ್ಣೆ ಮೆತ್ತಿದ ಹುಲ್ಲನ್ನು ಹಸುವೂ ಮೂಸಿ ಬಿಡುತ್ತದೆ.

ರಸ್ತೆಗೆ ಅಡ್ಡಿ ಮಾಡುವುದು ಕಾನೂನಿನ ಪ್ರಕಾರ ಅಪರಾಧವೇ ಸರಿ. ಆದರೆ ದಂಡ ಹಾಕಿದ ಮಾತ್ರಕ್ಕೆ ಕಣ ಹುಟ್ಟುವುದಿಲ್ಲ. ಒಕ್ಕಲು ಜಾಗ ತೋರಿಸದೆ ಬೇಡ ಎನ್ನುವುದು ನ್ಯಾಯವಲ್ಲ. ಊರಿಗೊಂದು ಸಾಮೂಹಿಕ ಕಣ ಆಗಬೇಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದು ಸಂಸಾರದ ರಾಗಿ ಒಕ್ಕಲು ಅಷ್ಟು ಧಾರಾಳ. ನಾಲ್ಕಾರು ಗುಂಟೆಯಲ್ಲಿ ಗಟ್ಟಿ ನೆಲ ಮಾಡಿದರೆ ಸರದಿಯ ಮೇಲೆ ಇಡೀ ಬೀದಿಯ ಒಕ್ಕಣೆ ಮುಗಿಯುತ್ತದೆ. ಒಕ್ಕಣೆ ಕಣ ಕಟ್ಟಲು ಸರ್ಕಾರದ ಯೋಜನೆಗಳಲ್ಲಿ ನೆರವು ಒದಗಿಸಿದ್ದುಂಟು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಗ್ರಾಮಸಭೆಯಲ್ಲಿ ಬಾಯಿ ಬಿಡದೆ ಸುಗ್ಗಿ ಬಂದಾಗ ಗೊಣಗುವುದರಿಂದ ಫಲವಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ನಿಷೇಧಾಜ್ಞೆಯಿದ್ದರೂ ಟಿ. ಸಿದ್ದಲಿಂಗಯ್ಯನವರು ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ಸಾವಿರ ಸಾವಿರವಾಗಿ ಬಂದು ನಿಂತರು. ಅದರ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಅಂಥ ಒಗ್ಗಟ್ಟು ತೋರಿದ ಸೀಮೆಗೆ ನಾಲ್ಕು ಗುಂಟೆಯ ಕಣ ಮಾಡಿಕೊಳ್ಳುವುದು ಅಸಾಧ್ಯವೆ?

ಕಣ ಆಗುವವರೆಗೆ ಈ ಸುಗ್ಗಿಯಲ್ಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಮೂರು ನಾಲ್ಕು ಮನೆಯವರು ಸೇರಿ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತಂದರೆ ಖರ್ಚು ಹಂಚಿಹೋಗುತ್ತದೆ. ಕಟಾವಾದ ಗದ್ದೆಯಲ್ಲೇ ಟಾರ್ಪಾಲು ಹಾಸಿ ಕಾಳು ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮುನ್ನ ಮುಚ್ಚಬಹುದು. ಈಗಾಗಲೇ ರಸ್ತೆಯಲ್ಲಿ ಹರಡಿದವರು ಕತ್ತಲಾಗುವುದರೊಳಗೆ ಹುಲ್ಲು, ಕಲ್ಲು ಎರಡನ್ನೂ ತೆಗೆಯಲೇಬೇಕು.

ಕಬ್ಬಿನ ಗಾಡಿಯ ವಿಷಯವೂ ಇಂಥದ್ದೇ. ಕಡಿದ ಕಬ್ಬು ಒಣಗಿದಷ್ಟೂ ತೂಕ, ಸಕ್ಕರೆ ಎರಡೂ ಇಳಿಯುತ್ತವೆ. ಒಂದು ದಿನದೊಳಗೆ ಗಾಣ ಸೇರಬೇಕು. ಅದಕ್ಕೇ ರಾತ್ರಿ ಪ್ರಯಾಣ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲದಂತಾಗಿ, ಸರ್ವಿಸ್ ರಸ್ತೆಯಲ್ಲಿ ಗಾಡಿ, ಬೈಕು, ಬಸ್ಸು ಎಲ್ಲವೂ ಒತ್ತರಿಸಿವೆ. ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಲಾಟೀನು ತೂಗುಹಾಕದೆ ರಾತ್ರಿ ದಾರಿಗಿಳಿಯುತ್ತಿರಲಿಲ್ಲ. ಇಂದು ಟ್ರೈಲರಿನ ಹಿಂದೆ ಒಂದು ಕೆಂಪು ಹೊಳೆಯುವ ಪಟ್ಟಿ ಅಂಟಿಸಲು ತಗಲುವುದು ಹೆಚ್ಚೆಂದರೆ ಎರಡು ಸೇರು ಬೆಲ್ಲದ ಬೆಲೆ. ಕಬ್ಬಿನ ಹೊರೆ ಆ ಪಟ್ಟಿಯನ್ನು ಮುಚ್ಚದಂತೆ ನೋಡಿಕೊಳ್ಳುವುದು ಗಾಡಿಯವನ ಹೊಣೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗಿಬಿಡುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಯಾವ ಊರಿನ ಯಾವ ಮನೆಯಲ್ಲೂ ಒಬ್ಬರ ಜಾಗ ಬರಿದಾಗಿರಬಾರದು. ಈ ಪುಟವನ್ನು ವಾಚನಾಲಯದಲ್ಲಿ ಓದಿದವರು ಅಲ್ಲೇ ನಾಲ್ವರು ಕುಳಿತು, ನಮ್ಮೂರ ಕಣ ಎಲ್ಲಿ ಆಗಬೇಕು ಎಂದು ಮಾತು ತೆಗೆಯಲಿ.