ಕಂತು ಮುಗಿದ ಮೇಲೂ ಫೋನಿಗೆ ಬೀಗ ಯಾಕೆ?

ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ತನ್ನ ಹಳೆಯ ಫೋನನ್ನು ಉಮ್ಮನಿಗೆ ಕೊಡುತ್ತಾನೆ. ಊರಿನ ಸಿಮ್ ಹಾಕಿದ್ರೆ ನೆಟ್‌ವರ್ಕೇ ಇಲ್ಲ. ಫೋನ್ ಹಾಳಾಗಿಲ್ಲ, ಅದಕ್ಕೆ ಕಂಪೆನಿಯ ಬೀಗ ಬಿದ್ದಿದೆ.

ಅಲ್ಲಿನ ಮೊಬೈಲ್ ಸೇವಾ ಕಂಪೆನಿಗಳು ದುಬಾರಿ ಫೋನನ್ನು ರಿಯಾಯಿತಿಯಲ್ಲೋ ಕಂತಿನಲ್ಲೋ ಕೊಟ್ಟು, ತಮ್ಮ ಸಿಮ್ ಮಾತ್ರ ನಡೆಯುವಂತೆ ಲಾಕ್ ಮಾಡುತ್ತವೆ. 2013ರ ಜನವರಿಯಿಂದ ಅಮೆರಿಕದಲ್ಲಿ ಹೊಸ ಫೋನನ್ನು ಕಂಪೆನಿಯ ಒಪ್ಪಿಗೆಯಿಲ್ಲದೆ ಅನ್‌ಲಾಕ್ ಮಾಡುವುದು ಕಾಪಿರೈಟ್ ಕಾನೂನಿಗೆ ವಿರುದ್ಧವಾಯಿತು. ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಕೊಟ್ಟರು. 2014ರ ಆಗಸ್ಟ್‌ನಲ್ಲಿ ಒಬಾಮ ಸಹಿ ಹಾಕಿದ ಕಾಯ್ದೆ ಆ ಹಕ್ಕನ್ನು ಮರಳಿಸಿತು. ಆದರೆ ಕಂಪೆನಿಯೇ ಬೀಗ ತೆಗೆದುಕೊಡಬೇಕೆಂದು ಅದು ಹೇಳಲಿಲ್ಲ. ಕೆನಡಾ 2017ರ ಡಿಸೆಂಬರ್‌ನಲ್ಲಿ, ಬ್ರಿಟನ್ 2021ರ ಡಿಸೆಂಬರ್‌ನಲ್ಲಿ ಲಾಕ್ ಆದ ಫೋನಿನ ಮಾರಾಟವನ್ನೇ ನಿಷೇಧಿಸಿದವು.

ಇದು ಪರದೇಶದ ಸಂಗತಿ ಮಾತ್ರ ಅಲ್ಲ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಕ್ಕ ಜಿಯೋಫೋನ್‌ನಲ್ಲೂ ಬೇರೆ ಕಂಪೆನಿಯ ಸಿಮ್ ನಡೆಯುತ್ತಿರಲಿಲ್ಲ.

ಕರಾರು ಪಾಲಿಸಬೇಕು, ಸಾಲ ತೀರಿಸಬೇಕು ಎಂದು ದೀನ್ ಕಲಿಸುತ್ತದೆ. ಮಾರುವವನು ವಸ್ತುವಿನ ಕುಂದನ್ನು ಮುಚ್ಚಿಡಬಾರದು ಎಂದೂ ಅದೇ ದೀನ್ ಹೇಳುತ್ತದೆ. ಬಾಕಿ ತೀರುವವರೆಗೆ ಬೀಗ ಇರಲಿ, ಒಪ್ಪೋಣ. ತೀರಿದ ಮೇಲೂ ಉಳಿದರೆ ಅದು ಒಡೆಯನ ಹಕ್ಕಿಗೆ ಕೈ ಹಾಕಿದಂತೆ.

ಊರಿಗೆ ಹೊರಡುವವರು ಒಂದು ಕೆಲಸ ಮಾಡಿ. ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗ ಇಲ್ಲ. ಇದ್ದರೆ ಬಾಕಿ ಚುಕ್ತಾ ಮಾಡಿ, ಅಲ್ಲಿಂದಲೇ ಅನ್‌ಲಾಕ್ ಮಾಡಿಸಿಕೊಂಡು ಬನ್ನಿ. ಉಮ್ಮನಿಗೆ ಬೇಕಾದ್ದು ಮಾತಾಡುವ ಫೋನ್.