ಸರಾಯೆವೊ: ನೆವವೂ ಕಾರಣವೂ

1914ನೆಯ ಇಸವಿಯ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ಪಟ್ಟಣದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡನನ್ನೂ ಆತನ ಪತ್ನಿ ಸೋಫಿಯನ್ನೂ ಗವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ತರುಣನು ಪಿಸ್ತೂಲಿನಿಂದ ಕೊಂದನು. ಅದರಿಂದ ಮೊದಲನೆಯ ಮಹಾಯುದ್ಧವು ಹುಟ್ಟಿತು. ನಮ್ಮ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಬರೆದು ಗುಣ ಪಡೆಯುವ ಉತ್ತರವು ಬಹುಮಟ್ಟಿಗೆ ಇಷ್ಟೇ. ಕಾಗೆ ಕೂಡುವದಕ್ಕೂ ಕೊಂಬೆ ಮುರಿಯುವದಕ್ಕೂ ಸರಿಹೋಯಿತೆಂದು ಹಿರಿಯರು ಹೇಳುವರಷ್ಟೆ. ಕಾಗೆಯ ವಯಸ್ಸನ್ನೂ ಅದು ಕೂತ ಹೊತ್ತನ್ನೂ ಬಾಯಿಪಾಠ ಮಾಡಿಸಿ, ಕೊಂಬೆಯೊಳಗಣ ಗೆದ್ದಲನ್ನು ನೋಡದೆ ಬಿಡುವ ಈ ಪದ್ಧತಿಯು ನಮಗೆ ಸಮ್ಮತವಲ್ಲ.

ರಾಜಕುಲದವರ ಕೊಲೆಯೇ ಯುದ್ಧಕ್ಕೆ ಸಾಕಾದ ಕಾರಣವಾಗಿದ್ದರೆ ಯುರೋಪವು ಅದಕ್ಕೂ ಮುಂಚೆ ಹಲವು ಸಲ ಹೊತ್ತಿ ಉರಿಯಬೇಕಾಗಿದ್ದಿತು. ಇದೇ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಝಾಬೆಥಳನ್ನು 1898ರಲ್ಲಿ ಜಿನೀವಾದಲ್ಲಿ ಇಟಲಿಯವನೊಬ್ಬನು ತಿವಿದು ಕೊಂದನು. ಆಸ್ಟ್ರಿಯಾವು ಇಟಲಿಯ ಮೇಲಾಗಲಿ ಸ್ವಿಟ್ಝರ್ಲಂಡದ ಮೇಲಾಗಲಿ ದಂಡೆತ್ತಿ ಹೋಗಲಿಲ್ಲ. 1900ರಲ್ಲಿ ಇಟಲಿಯ ದೊರೆ ಉಂಬರ್ಟೊ ಹತನಾದನು. 1903ರಲ್ಲಿ ಸರ್ಬಿಯಾದ ರಾಜರಾಣಿಯರನ್ನು ಅವರ ಸೇನಾಧಿಕಾರಿಗಳೇ ಅರಮನೆಯಲ್ಲಿ ಕಡಿದು ಹಾಕಿದರು. ಆ ಯಾವ ಸಂದರ್ಭದಲ್ಲಿಯೂ ಖಂಡವು ಹೊತ್ತಿಕೊಳ್ಳಲಿಲ್ಲ. ಹಾಗಾದರೆ 1914ರಲ್ಲಿ ಮಾತ್ರ ಏಕೆ ಹೀಗಾಯಿತು?

ಮೊದಲು ಆಸ್ಟ್ರಿಯಾ-ಹಂಗೇರಿ ಎಂಬ ಜೋಡು ರಾಜ್ಯದ ಒಳಗನ್ನು ನೋಡತಕ್ಕದ್ದು. ಐದು ಕೋಟಿಗೆ ಮಿಕ್ಕಿದ ಪ್ರಜೆಗಳಿದ್ದ ಆ ರಾಜ್ಯದಲ್ಲಿ 1910ರ ಖಾನೇಸುಮಾರಿಯ ಪ್ರಕಾರ ಜರ್ಮನ್ ಆಡುವವರು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ, ಮಗ್ಯಾರರು ಸುಮಾರು ಒಂದು ಕೋಟಿ. ಇವರಿಬ್ಬರೂ ಕೂಡಿದರೂ ಅರ್ಧಕ್ಕಿಂತ ಕಡಿಮೆ. ಆದರೂ 1867ರ ಒಡಂಬಡಿಕೆಯಿಂದ ರಾಜ್ಯವನ್ನು ಈ ಇಬ್ಬರೇ ಹಂಚಿಕೊಂಡರು. ಝೆಕ್, ಸ್ಲೊವಾಕ್, ಪೋಲ್, ರುಮೇನಿಯನ್, ಕ್ರೋಟ್, ಸರ್ಬ್ ಮೊದಲಾದ ಉಳಿದ ಜನರು ತಮ್ಮ ನೆಲದಲ್ಲಿಯೇ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಬೇಕಾಯಿತು. 1897ರಲ್ಲಿ ಪ್ರಧಾನಿ ಬಾಡೆನಿಯು ಬೊಹೇಮಿಯಾದ ಸರಕಾರಿ ನೌಕರರು ಜರ್ಮನ್ ಭಾಷೆಯಂತೆ ಝೆಕ್ ಭಾಷೆಯನ್ನೂ ಕಲಿತಿರಬೇಕೆಂದು ಅಪ್ಪಣೆ ಮಾಡಿದನು. ಮನೆಯ ಬಾಗಿಲಿಗೆ ಬಂದ ರೈತನ ಮಾತು ಕಚೇರಿಯವನಿಗೆ ತಿಳಿಯಲಿ ಎಂಬಷ್ಟೇ ಮಾತು! ಅದಕ್ಕಾಗಿ ಜರ್ಮನರು ಬೀದಿಯಲ್ಲಿಯೂ ಶಾಸನಸಭೆಯಲ್ಲಿಯೂ ಎಬ್ಬಿಸಿದ ದೊಂಬಿಗೆ ಆ ಪ್ರಧಾನಿಯು ಅದೇ ವರ್ಷ ಅಧಿಕಾರ ಬಿಟ್ಟನು. ಹಂಗೇರಿಯ ಕಥೆಯು ಇನ್ನೂ ಕಠೋರವಾದದ್ದು. 1907ರ ಅಪೋನಿಯ ಶಿಕ್ಷಣ ಕಾನೂನಿನಂತೆ, ಮನೆಯಲ್ಲಿ ಯಾವ ಭಾಷೆಯನ್ನಾಡಿದರೂ, ನಾಲ್ಕನೆಯ ವರ್ಷದ ಕೊನೆಗೆ ಹುಡುಗನು ಮಗ್ಯಾರ ಭಾಷೆಯನ್ನು ಆಡಿ ಬರೆಯಲು ಬಲ್ಲವನಾಗಿರಬೇಕು; ಅದರ ಹೊಣೆ ಶಿಕ್ಷಕನ ತಲೆಯ ಮೇಲೆ. ಶಿಕ್ಷಕರಾದ ನಮ್ಮ ವಾಚಕರು ಆ ಸ್ಲೊವಾಕ್ ಹಳ್ಳಿಯ ಮಾಸ್ತರನ ಸ್ಥಾನದಲ್ಲಿ ತಮ್ಮನ್ನು ಕ್ಷಣಹೊತ್ತು ನಿಲ್ಲಿಸಿಕೊಂಡು ನೋಡಲಿ. (ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದು ರಾಜ್ಯಕ್ಕೆ ಸೇರಿದ್ದು ಆಯೋಗದ ವರದಿಯಿಂದ, ಶಾಸನಸಭೆಯ ಕಾಯಿದೆಯಿಂದ. ಆ ದಾರಿಯು ತೆರೆದಿದ್ದುದು ಸಣ್ಣ ಭಾಗ್ಯವಲ್ಲ.)

ಗಡಿಯಾಚೆಗೆ ಸರ್ಬಿಯಾ ಎಂಬ ಸಣ್ಣ ಸ್ವತಂತ್ರ ರಾಜ್ಯ. ಆಸ್ಟ್ರಿಯಾದೊಳಗಿನ ದಕ್ಷಿಣ ಸ್ಲಾವರ ಕಣ್ಣು ಅದರ ಕಡೆಗೆ ತಿರುಗಿದ್ದು ಸಹಜವೇ. ಸರ್ಬಿಯಾದ ಮುಖ್ಯ ವ್ಯಾಪಾರ ಹಂದಿಗಳದ್ದು, ಮುಖ್ಯ ಗಿರಾಕಿ ಆಸ್ಟ್ರಿಯಾ. 1906ರಲ್ಲಿ ಆಸ್ಟ್ರಿಯಾವು ಗಡಿಯನ್ನು ಮುಚ್ಚಿ ಅದನ್ನು ಹಸಿವಿನಿಂದ ಬಗ್ಗಿಸಲು ನೋಡಿತು; ಸರ್ಬಿಯಾವು ಬಗ್ಗದೆ ಬೇರೆ ಪೇಟೆಗಳನ್ನು ಹುಡುಕಿಕೊಂಡಿತು. 1878ರಿಂದ ಬರಿಯ ಆಡಳಿತಕ್ಕೆಂದು ವಶದಲ್ಲಿಟ್ಟುಕೊಂಡಿದ್ದ ಬೋಸ್ನಿಯಾವನ್ನು ಆಸ್ಟ್ರಿಯಾವು 1908ರಲ್ಲಿ ತನ್ನದೆಂದೇ ಸಾರಿತು. ರಶಿಯಾವು ಆಗ ಅವಮಾನವನ್ನು ನುಂಗಿಕೊಂಡು ಸುಮ್ಮನಾಯಿತು; ಮತ್ತೊಮ್ಮೆ ನುಂಗಲಾರೆವೆಂದು ಅದರ ಮುತ್ಸದ್ದಿಗಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ವಿಚಿತ್ರವೇನೆಂದರೆ, ಕೊಲೆಯಾದ ಯುವರಾಜನು ಸರ್ಬಿಯಾದೊಡನೆ ಯುದ್ಧ ಬೇಡವೆನ್ನುವ ಪಕ್ಷದವನಾಗಿದ್ದನು. ಯುದ್ಧ ಬೇಕೆಂದು ಪದೇ ಪದೇ ಒತ್ತಾಯಿಸುತ್ತಿದ್ದ ಸೇನಾಪ್ರಮುಖ ಕೊನ್ರಾಡನು ಉಳಿದನು, ತಡೆಯುತ್ತಿದ್ದವನು ಸತ್ತನು.

ಇಷ್ಟಾದರೂ ಇದು ಬಾಲ್ಕನ್ ಪ್ರಾಂತದ ಜಗಳವಾಗಿಯೇ ಮುಗಿಯಬಹುದಿತ್ತು. ಹಾಗಾಗದಂತೆ ಮಾಡಿದ್ದು ಗುಪ್ತ ಕರಾರುಗಳ ಸರಪಳಿ. 1871ರಲ್ಲಿ ಜರ್ಮನಿಯು ಫ್ರಾನ್ಸನ್ನು ಸೋಲಿಸಿ 500 ಕೋಟಿ ಫ್ರಾಂಕುಗಳ ದಂಡದೊಡನೆ ಆಲ್ಸೇಸ್-ಲೊರೇನ್ ಪ್ರಾಂತವನ್ನೂ ಕಸಿದುಕೊಂಡಿತು. ಫ್ರಾನ್ಸ್ ದಂಡವನ್ನು ತೀರಿಸಿತು, ನೆಲವನ್ನು ಮರೆಯಲಿಲ್ಲ. ಅದರ ಸೇಡಿಗೆ ಹೆದರಿದ ಬಿಸ್ಮಾರ್ಕನು 1879ರಲ್ಲಿ ಆಸ್ಟ್ರಿಯಾದೊಡನೆ, 1882ರಲ್ಲಿ ಇಟಲಿಯೊಡನೆ ಕೈಕಟ್ಟಿದನು. ರಶಿಯಾವನ್ನೂ ಕೈಬಿಡದಂತೆ ಆತನು ಮಾಡಿಕೊಂಡಿದ್ದ ಕರಾರನ್ನು 1890ರಲ್ಲಿ ಆತನ ಅಧಿಕಾರ ಹೋದೊಡನೆ ಕೈಸರನ ಸರಕಾರವು ಸಾಯಗೊಟ್ಟಿತು. ನಾಲ್ಕೇ ವರ್ಷಗಳಲ್ಲಿ ರಶಿಯಾವು ಫ್ರಾನ್ಸಿನ ಮಿತ್ರನಾಯಿತು. 1904ರಲ್ಲಿ ಇಂಗ್ಲಂಡವು ಫ್ರಾನ್ಸಿನೊಡನೆಯೂ 1907ರಲ್ಲಿ ರಶಿಯಾದೊಡನೆಯೂ ಹಳೆಯ ವ್ಯಾಜ್ಯಗಳನ್ನು ತೀರಿಸಿಕೊಂಡಿತು. ಈ ಕರಾರುಗಳ ಮುಖ್ಯ ಕಲಮುಗಳು ಪ್ರಜೆಗಳಿಗೆ ತಿಳಿದಿರಲಿಲ್ಲ. ಪಾರ್ಲಿಮೆಂಟಿನ ತವರೆಂದು ಬೀಗುವ ಇಂಗ್ಲಂಡದಲ್ಲಿಯೂ, 1906ರಿಂದ ಫ್ರೆಂಚ್ ಸೇನಾಧಿಕಾರಿಗಳೊಡನೆ ನಡೆಯುತ್ತಿದ್ದ ಮಾತುಕತೆಯು 1911ರ ವರೆಗೆ ಇಡಿಯ ಮಂತ್ರಿಮಂಡಲಕ್ಕೇ ಗೊತ್ತಿರಲಿಲ್ಲ. ಕಕ್ಷಿಗಾರನಿಗೆ ಓದಿ ಹೇಳದ ಪತ್ರಕ್ಕೆ ಆತನ ಹೆಬ್ಬೆಟ್ಟನ್ನೊತ್ತಿಸಿದರೆ ಯಾವ ನ್ಯಾಯಾಸನವೂ ಅದನ್ನು ಮಾನ್ಯಮಾಡದು; ಆದರೆ ರಾಷ್ಟ್ರಗಳ ತಲೆಯನ್ನು ಹೀಗೆಯೇ ಒತ್ತೆಯಿಡಲಾಯಿತು.

ವಸಾಹತುಗಳ ಹಾಗೂ ಪೇಟೆಗಳ ಹಸಿವೇ ಯುದ್ಧದ ನಿಜವಾದ ಮೂಲವೆಂದು ಲೆನಿನ್ನನು 1916ರಲ್ಲಿ ಬರೆದನು. ಇದರಲ್ಲಿ ಸತ್ಯಾಂಶವು ಬಹಳವಿರುವದು. ಆದರೆ ವಸಾಹತಿಗಾಗಿ ಇಂಗ್ಲಂಡವು ಹೆಚ್ಚಾಗಿ ಕಚ್ಚಾಡಿದ್ದು ಫ್ರಾನ್ಸ್ ಮತ್ತು ರಶಿಯಾಗಳೊಡನೆ. 1914ರಲ್ಲಿ ಅದು ಹೋರಾಡಿದ್ದು ಅವರ ಮಗ್ಗುಲಲ್ಲಿಯೇ ನಿಂತು. ಆದುದರಿಂದ ಪೇಟೆಯ ಹಸಿವೊಂದೇ ಎಲ್ಲವನ್ನೂ ವಿವರಿಸಲಾರದು. ಅದು ಕಲಿಸಿದ್ದು ಒಂದು ದುರಭ್ಯಾಸವನ್ನು. 1884-85ರಲ್ಲಿ ಬರ್ಲಿನ್ನಿನ ಮೇಜಿನ ಸುತ್ತ ಕೂತು, ಒಬ್ಬನೇ ಒಬ್ಬ ಆಫ್ರಿಕನನನ್ನೂ ಕೇಳದೆ, ಆಫ್ರಿಕೆಯನ್ನು ಪಾಲುಮಾಡಿಕೊಳ್ಳುವ ನಿಯಮಗಳನ್ನು ಬರೆದವರು, ಪರರ ನೆಲವನ್ನು ಹಂಚುವದೇ ರಾಜನೀತಿಯೆಂದು ತಿಳಿದರು. ಮೊರೊಕ್ಕೊದ ಸಲುವಾಗಿ 1905ರಲ್ಲಿ ಒಮ್ಮೆ, 1911ರಲ್ಲಿ ಮತ್ತೊಮ್ಮೆ ಕತ್ತಿ ಹಿರಿದು ಒರೆಗೆ ಸೇರಿಸಿದರು. ನೌಕಾಬಲದ ಪೈಪೋಟಿಯ ಕಥೆಯು ಪರಿಚಿತವಾದದ್ದು: 1898ರಿಂದ ಜರ್ಮನಿಯು ಹಡಗು ಕಟ್ಟತೊಡಗಿತು, 1906ರಲ್ಲಿ ಇಂಗ್ಲಂಡವು ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆಯನ್ನು ನೀರಿಗಿಳಿಸಿತು, ಅಂದಿನಿಂದ ಇಬ್ಬರ ಬೊಕ್ಕಸವೂ ಕಡಲಿಗೆ ಹರಿಯಿತು.

ಇವೆಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸುವದು ಉಗಿಬಂಡಿಯ ವೇಳಾಪತ್ರಿಕೆ. ರಶಿಯಾದ ದಂಡು ಕೂಡಲು ತಡವಾಗುವದು. ಅಷ್ಟರೊಳಗೆ ಬೆಲ್ಜಿಯಮ್ಮನ್ನು ತುಳಿದು ಫ್ರಾನ್ಸನ್ನು ಮುಗಿಸಿಬಿಡತಕ್ಕದ್ದೆಂದು ಜರ್ಮನ್ ಸೇನಾಪತಿಗಳು ಶ್ಲೀಫೆನ್ನನ ಕಾಲದಿಂದ ಹಂಚಿಕೆ ಹಾಕಿದ್ದರು. ಗಂಟೆಗಂಟೆಯ ಗಾಡಿಗಳೂ ಗೊತ್ತಾಗಿದ್ದವು. ಜುಲೈ 23ರಂದು ಆಸ್ಟ್ರಿಯಾವು 48 ಗಂಟೆಗಳ ವಾಯಿದೆಯ ಖಲೀತೆಯನ್ನು ಸರ್ಬಿಯಾಕ್ಕೆ ಕಳಿಸಿತು. ಸರ್ಬಿಯಾವು ಬಹುತೇಕ ಎಲ್ಲಕ್ಕೂ ತಲೆಬಾಗಿ, ತನ್ನ ನೆಲದ ಮೇಲಿನ ವಿಚಾರಣೆಯಲ್ಲಿ ಪರರಾಜ್ಯದ ಅಧಿಕಾರಿಗಳು ಕೂಡುವದನ್ನು ಮಾತ್ರ ಒಲ್ಲೆನೆಂದಿತು. ಯಾವ ಸ್ವತಂತ್ರ ರಾಜ್ಯವಾದರೂ ಹಾಗೆಯೇ ಹೇಳುತ್ತಿದ್ದಿತು. ಆ ಉತ್ತರವನ್ನು ಓದಿದ ಕೈಸರನಿಗೂ ಯುದ್ಧಕ್ಕೆ ಇನ್ನು ಕಾರಣವುಳಿಯಲಿಲ್ಲವೆಂದು ತೋರಿತು. ಆದರೆ ಅದೇ ದಿನ, ಜುಲೈ 28ರಂದು, ಆಸ್ಟ್ರಿಯಾವು ಯುದ್ಧ ಸಾರಿತ್ತು. 30ರಂದು ರಶಿಯಾವು ತನ್ನ ಇಡಿಯ ಸೈನ್ಯಕ್ಕೆ ಕರೆಕೊಟ್ಟಿತು. ಆಗಸ್ಟ್ 1ರಂದು, ಇಂಗ್ಲಂಡ-ಫ್ರಾನ್ಸುಗಳು ದೂರ ಉಳಿದಾವೆಂಬ ಆಸೆಯಿಂದ, ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿರೆಂದು ಕೈಸರನು ಕೇಳಿದಾಗ, ಅದು ಸಾಧ್ಯವಿಲ್ಲವೆಂದು ಸೇನಾಪತಿ ಮೋಲ್ಟ್ಕೆಯು ಹೇಳಿದನು. ಸಾಮ್ರಾಟನಿಗಿಂತ ಗಾಡಿಯ ಪಟ್ಟಿಯು ದೊಡ್ಡದಾಯಿತು! ಆಗಸ್ಟ್ 4ರಂದು ದಂಡು ಬೆಲ್ಜಿಯಮ್ಮನ್ನು ಹೊಕ್ಕಿತು. 1839ರ ಒಡಂಬಡಿಕೆಯನ್ನು ಹಿಡಿದು ಅದೇ ದಿನ ಇಂಗ್ಲಂಡವೂ ಇಳಿಯಿತು.

ಹೊಣೆ ಯಾರದು? ವರ್ಸೇಲ್ಸ್ ಕೌಲಿನ 231ನೆಯ ಕಲಮು ಅದನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಆ ಕೌಲಿಗೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಸರಾಯೆವೊದ ಗುಂಡಿಗೆ ಸರಿಯಾಗಿ ಐದು ವರ್ಷ. ಫಿರ್ಯಾದಿಯೇ ನ್ಯಾಯಾಧೀಶನಾದ ಆ ತೀರ್ಪನ್ನು ನಾವು ಹಾಗೆಯೇ ಒಪ್ಪಲಾರೆವು. 1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಶರನು ತನ್ನ ದೇಶದ ಕಾಗದಪತ್ರಗಳಿಂದಲೇ ತನ್ನವರ ಮೇಲೆ ಭಾರವಾದ ಆರೋಪ ಹೊರಿಸಿದನು. 2012ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕನು ಎಲ್ಲರೂ ನಿದ್ದೆಗಣ್ಣಿನಲ್ಲಿ ನಡೆದು ಬಿದ್ದವರೆಂದು ಬರೆದನು. ನಮ್ಮ ಮತವು ಇವೆರಡರ ನಡುವಿನದು. ಬೆಂಕಿ ಹಚ್ಚಿದವರು ವಿಯೆನ್ನಾದವರು. ಜುಲೈ ಮೊದಲ ವಾರದಲ್ಲಿಯೇ ಹಿಂದುಮುಂದು ನೋಡದೆ ಬೆಂಬಲದ ವಚನ ಕೊಟ್ಟವರು ಬರ್ಲಿನ್ನಿನವರು. ಆದರೆ ಸೌದೆಯನ್ನು ಒಟ್ಟಿದವರಲ್ಲಿ ಪೀಟರ್ಸಬರ್ಗ್, ಪ್ಯಾರಿಸ್, ಲಂಡನ್ ಯಾವುದೂ ತಪ್ಪಿಸಿಕೊಳ್ಳಲಾರದು.

ಇಂಗ್ಲಂಡದ ಬಾದಶಹನ ಘೋಷಣೆಯೊಡನೆ ಹಿಂದುಸ್ಥಾನವೂ ಯುದ್ಧದಲ್ಲಿ ಬಿದ್ದಿತು. ಮೊದಲು ನಮ್ಮನ್ನು ಕೇಳಿದವರಿಲ್ಲ. ನಮ್ಮ ಮುಂದಾಳುಗಳು ಆಗ ನೆರವಿನ ಮಾತನ್ನೇ ಆಡಿದರೆಂಬದನ್ನೂ ಮರೆಮಾಚಬಾರದು: ಟಿಳಕರು 1914ರಲ್ಲಿ ರಾಜನಿಷ್ಠೆಯನ್ನು ಸಾರಿದರು, ಗಾಂಧಿಯವರು 1918ರಲ್ಲಿ ಖೇಡಾದ ಹಳ್ಳಿಹಳ್ಳಿಗೆ ನಡೆದು ಸೈನ್ಯಕ್ಕೆ ಜನ ಕೂಡಿಸಿದರು. ಹತ್ತು ಲಕ್ಷಕ್ಕೂ ಮಿಕ್ಕಿದ ಹಿಂದೀ ಜನರು ಸಮುದ್ರ ದಾಟಿದರು. 70 ಸಾವಿರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ಪ್ರತಿಫಲವಾಗಿ 1919ರ ಮಾರ್ಚಿನಲ್ಲಿ ರೌಲಟ್ ಕಾಯಿದೆ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್.

1918ರ ಸಪ್ಟಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯಲು ಜೋಧಪುರದ ಸವಾರರು ನುಗ್ಗಿದಾಗ ಕಾರ್ಮೆಲ್ ಗುಡ್ಡದ ಮೇಲಿನ ತೋಪುಗಳ ಮೇಲೆ ಏರಿಹೋದವರು ಮೈಸೂರು ಲ್ಯಾನ್ಸರ್ಸ್ ದಳದವರು. ಅವರ ಸ್ಮಾರಕದ ಕಂಬವು ಬೆಂಗಳೂರಿನ ಜೆ. ಸಿ. ನಗರದಲ್ಲಿರುವದು. ಹತ್ತಿರದ ಶಾಲೆಗಳ ಶಿಕ್ಷಕರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ಇವರಿಗೂ ತುರ್ಕರಿಗೂ ಏನು ಜಗಳವಿತ್ತೆಂದು ಯಾವನಾದರೊಬ್ಬ ಹುಡುಗನು ಕೇಳಿದರೆ, ಪಠ್ಯಪುಸ್ತಕದ ಉತ್ತರವನ್ನು ಹೇಳದೆ, ಅವನನ್ನು ಅಲ್ಲಿಯೇ ಕೂಡಿಸಿಕೊಂಡು ಬೋಸ್ನಿಯಾದಿಂದ ಮೊದಲುಮಾಡಬೇಕಾದೀತು.