ಬಾಸ್ ಜೋರಾಗಿದ್ದರೆ ಒಳ್ಳೇ ಇಯರ್‌ಬಡ್ಸಾ?

ಆಫೀಸ್ ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿಗೊಬ್ಬರಾದರೂ ಕೇಳುವ ಪ್ರಶ್ನೆ ಇದು: "ಎರಡು ಸಾವಿರದೊಳಗೆ ಒಳ್ಳೇ ಇಯರ್‌ಬಡ್ಸ್ ಯಾವುದಿದೆ?" ಐದು ನಿಮಿಷದಲ್ಲಿ ಹತ್ತು ಲಿಂಕ್ ಬಂದು ಬೀಳುತ್ತವೆ. ಜೊತೆಗೆ "ಬಾಸ್ ಸಕತ್ತಾಗಿದೆ ಗುರು, ಕಣ್ಮುಚ್ಚಿ ತಗೋ" ಅನ್ನೋ ಸರ್ಟಿಫಿಕೇಟು. ಕೊನೆಗೆ ಕೇಳಿದವರು ಯಾವುದಕ್ಕೆ ಡಿಸ್ಕೌಂಟ್ ಜಾಸ್ತಿ ಇದೆಯೋ ಅದನ್ನೇ ಆರ್ಡರ್ ಮಾಡ್ತಾರೆ. ಚಪ್ಪಲಿ ತಗೊಳ್ಳುವಾಗಲೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡ್ತೀವಿ. ದಿನಕ್ಕೆ ಐದಾರು ಗಂಟೆ ಕಿವಿಯೊಳಗೇ ಕೂತಿರೋ ವಸ್ತುವನ್ನು ಮಾತ್ರ ಡಬ್ಬದ ಮೇಲಿನ ಅಕ್ಷರ ಓದಿ ತಗೋತೀವಿ.

ಡಬ್ಬದ ಮೇಲೆ ಏನಿರುತ್ತೆ? 13 ಎಂಎಂ ಡ್ರೈವರ್. 20 ಹರ್ಟ್ಜ್‌ನಿಂದ 20,000 ಹರ್ಟ್ಜ್. ಈ ಎರಡನೇ ಸಂಖ್ಯೆ ಬಹುತೇಕ ಎಲ್ಲ ಡಬ್ಬಗಳ ಮೇಲೂ ಇರುತ್ತೆ, ಯಾಕಂದ್ರೆ ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ ಅಂತ ಪುಸ್ತಕದಲ್ಲಿ ಬರೆದಿರೋದೇ ಅದು. ಆ ವ್ಯಾಪ್ತಿಯೊಳಗೆ ಯಾವ ಸ್ವರ ಎಷ್ಟು ಎತ್ತರಕ್ಕೆ, ಯಾವುದು ಎಷ್ಟು ತಗ್ಗಿಗೆ ಬರುತ್ತೆ ಅನ್ನೋದರ ಮೇಲೆ ಸೌಂಡ್ ನಿಂತಿದೆ, ಅದನ್ನು ಮಾತ್ರ ಡಬ್ಬ ಹೇಳೋಲ್ಲ. ಡ್ರೈವರ್ ದೊಡ್ಡದಿದ್ದರೆ ಸೌಂಡ್ ಚೆನ್ನಾಗಿರುತ್ತೆ ಅನ್ನೋದು ಪಾತ್ರೆ ದೊಡ್ಡದಿದ್ದರೆ ಸಾರು ರುಚಿಯಾಗಿರುತ್ತೆ ಅಂದ ಹಾಗೆ. ಬೆಲೆಯನ್ನೂ ತೀರಾ ನಂಬಬೇಡಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದಾಗ, ಅವುಗಳ ಸ್ವರ ಸಮತೋಲಕ್ಕೂ ಬೆಲೆಗೂ ಹೇಳಿಕೊಳ್ಳುವಂಥ ಸಂಬಂಧವೇ ಕಾಣಲಿಲ್ಲ. ಜಾಸ್ತಿ ದುಡ್ಡಿಗೆ ಒಳ್ಳೇ ಮೈಕ್, ಗಟ್ಟಿ ಕೇಸ್, ಸದ್ದು ತಡೆಯೋ ತಂತ್ರ ಇವೆಲ್ಲ ಸಿಗಬಹುದು. ಹಾಡು ಕೂಡ ಅಷ್ಟೇ ಪಾಲು ಚೆನ್ನಾಗಿ ಕೇಳುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಾದರೆ ನಾವೇ ಕೇಳಿ ತೀರ್ಮಾನ ಮಾಡೋದು ಹೇಗೆ?

ಶುರು ಮಾಡಬೇಕಾದ್ದು ಹಾಡಿನಿಂದ ಅಲ್ಲ, ರಬ್ಬರ್ ತುದಿಯಿಂದ. ಡಬ್ಬದಲ್ಲಿ ಮೂರು ಸೈಜಿನ ತುದಿ ಕೊಟ್ಟಿರ್ತಾರೆ. ನಮ್ಮಲ್ಲಿ ಹೆಚ್ಚಿನವರು ಮೊದಲೇ ಹಾಕಿರೋ ಮೀಡಿಯಂ ಬಿಟ್ಟು ಇನ್ನೆರಡನ್ನು ಮುಟ್ಟುವುದೇ ಇಲ್ಲ. ಅವು ಡಬ್ಬದ ಜೊತೆಗೇ ಅಟ್ಟ ಸೇರ್ತವೆ. ಕಿವಿಗೂ ತುದಿಗೂ ಮಧ್ಯೆ ಕೂದಲೆಳೆಯಷ್ಟು ಸಂದಿ ಇದ್ದರೂ ಮೊದಲು ಸೋರಿಹೋಗೋದು ಬಾಸ್. ಉಳಿಯೋದು ತಗಡಿನ ಡಬ್ಬಿಯೊಳಗಿಂದ ಬಂದಂಥ ದನಿ. "ಇದರಲ್ಲಿ ಬಾಸೇ ಇಲ್ಲ" ಅಂತ ಒಂದು ಸ್ಟಾರ್ ಕೊಟ್ಟ ರಿವ್ಯೂಗಳಲ್ಲಿ ಎಷ್ಟೋ ಈ ಸಂದಿಯ ಕಥೆಗಳೇ ಅಂತ ನನ್ನ ಅನುಮಾನ. ಪರೀಕ್ಷೆ ಸುಲಭ. ಹಾಡು ಹಾಕಿ, ಬಡ್ ಅನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಒತ್ತಿದ ಕೂಡಲೇ ಬಾಸ್ ತುಂಬಿಕೊಂಡು ಬಂತು ಅಂದ್ರೆ ನಿಮ್ಮ ತುದಿ ಸರಿಯಾಗಿ ಕೂತಿಲ್ಲ. ಎರಡೂ ಕಿವಿಗೆ ಒಂದೇ ಸೈಜ್ ಆಗಬೇಕು ಅಂತಲೂ ಇಲ್ಲ. ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್ ಆದರೆ ಸಂಕೋಚ ಬೇಡ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದರೆ ತುದಿ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತೆ. ರಬ್ಬರ್ ತುದಿಯೇ ಇಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕೂರೋ ನಮೂನೆಯ ಬಡ್ಸ್ ಆದರೆ ಆಳದ ಬಾಸನ್ನು ನಿರೀಕ್ಷಿಸಬೇಡಿ. ಅದು ಅವುಗಳ ದೋಷವಲ್ಲ, ರಚನೆಯೇ ಹಾಗಿದೆ.

ಇನ್ನು ವಾಲ್ಯೂಮ್. ಹೋಲಿಕೆ ಕೆಡೋದೇ ಇಲ್ಲಿ. ಒಂದೇ ಹಾಡನ್ನು ಎರಡು ಬಡ್ಸ್‌ನಲ್ಲಿ ಕೇಳಿದಾಗ ತುಸು ಜೋರಾಗಿರೋದೇ ನಮಗೆ "ಕ್ಲಿಯರ್" ಅನಿಸುತ್ತೆ. ಜೋರು ಅಂತ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸ ಇದ್ದರೂ ಸಾಕು. ಇದು ನಮ್ಮ ಕಿವಿಯ ಗುಣ. ಸದ್ದು ತಗ್ಗಿದಷ್ಟೂ ಕೆಳಸ್ವರಗಳು ನಮಗೆ ಕಡಿಮೆ ಕೇಳಿಸುತ್ತವೆ, ಜೋರಾದಂತೆ ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ಬರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಬರೆದಿಟ್ಟಿದ್ದಾರೆ. ಅಂಗಡಿಯವನು "ಇದನ್ನ ಕೇಳಿ ಸಾರ್" ಅಂತ ದುಬಾರಿ ಮಾಡೆಲ್ಲನ್ನು ಎರಡು ಕಡ್ಡಿ ಜೋರಾಗಿ ಕೇಳಿಸಿದರೆ ನೀವು ಸೋತ ಹಾಗೇ. ಆದ್ದರಿಂದ ಯಾರೋ ಮಾತಾಡಿರೋ ರೆಕಾರ್ಡಿಂಗ್ ಒಂದನ್ನು ಹಾಕಿ, ಎರಡರಲ್ಲೂ ಆ ಮಾತು ಒಂದೇ ಮಟ್ಟದಲ್ಲಿ ಕೇಳೋ ಹಾಗೆ ಮೊದಲು ಹೊಂದಿಸಿ. ಆಮೇಲೆ ಹಾಡು. ಆದರೆ ಎರಡಕ್ಕೂ ಫೋನಿನಲ್ಲಿ ಒಂದೇ ಕಡ್ಡಿ ಇಟ್ಟರೆ ಸಾಲದು, ಒಂದರ 50 ಇನ್ನೊಂದರ 70 ಇರಬಹುದು.

ಯಾವ ಹಾಡು ಹಾಕಬೇಕು? ನಿಮಗೆ ಬಾಯಿಪಾಠ ಇರೋದು. ಯೂಟ್ಯೂಬಿನ "ಅಲ್ಟಿಮೇಟ್ ಬಾಸ್ ಟೆಸ್ಟ್" ಬೇಡ. ಮೊದಲು ಬರೀ ದನಿ ಕೇಳಿ. ಎಂಪಿ3 ತಂತ್ರವನ್ನು ರೂಪಿಸುವಾಗ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಪರೀಕ್ಷೆಗೆ ಇಟ್ಟುಕೊಂಡಿದ್ದು ಸುಝಾನ್ ವೇಗಾ ವಾದ್ಯಗಳೇ ಇಲ್ಲದೆ ಹಾಡಿದ 'ಟಾಮ್ಸ್ ಡೈನರ್'. ವಾದ್ಯಗಳ ಗದ್ದಲದಲ್ಲಿ ಎಷ್ಟೋ ತಪ್ಪು ಮುಚ್ಚಿಹೋಗುತ್ತೆ, ಒಂಟಿ ದನಿಯಲ್ಲಿ ಮುಚ್ಚಲು ಆಗಲ್ಲ. ಹುಟ್ಟಿದಾಗಿನಿಂದ ಮನುಷ್ಯರ ದನಿ ಕೇಳಿರೋ ನಮ್ಮ ಕಿವಿ ಅಲ್ಲಿ ಸುಲಭಕ್ಕೆ ಮೋಸ ಹೋಗೋದೂ ಇಲ್ಲ.

ಕನ್ನಡದವರಿಗೆ ಇಲ್ಲಿ ಒಳ್ಳೇ ಸೌಕರ್ಯ ಇದೆ: ಸ, ಶ, ಷ. ಈ ಅಕ್ಷರಗಳ ಉಸಿರಿನ ಸದ್ದು ಇರೋದು ಮೇಲಿನ ಸ್ವರಗಳಲ್ಲಿ. ಅವು ಸೂಜಿ ಚುಚ್ಚಿದ ಹಾಗೆ ಕೇಳಿಸಿದರೆ ಆ ಬಡ್ಸ್‌ನಲ್ಲಿ ಮೇಲಿನ ಭಾಗ ಅತಿಯಾಗಿದೆ; ಅರ್ಧ ಗಂಟೆಗೆ ತಲೆ ಸಿಡಿಯುತ್ತೆ. ಸ ಯಾವುದು, ಶ ಯಾವುದು ಅಂತ ತಿಳಿಯದಷ್ಟು ಮಂಕಾಗಿದ್ದರೆ ಆ ಭಾಗ ಸತ್ತಿದೆ. ಗಂಗೂಬಾಯಿ ಹಾನಗಲ್ ಅವರ ಗಡುಸು ದನಿ ಕೇಳಿ ನೋಡಿ. ಕೆಟ್ಟ ಬಡ್ಸ್‌ನಲ್ಲಿ ಅದು ಗೋಣಿಚೀಲದೊಳಗಿಂದ ಬಂದ ಹಾಗಿರುತ್ತೆ, ಒಳ್ಳೆಯದರಲ್ಲಿ ಎದುರಿಗೇ ಕೂತಿರುತ್ತೆ. ಸಿ. ಅಶ್ವತ್ಥ್ ಅವರ ಭಾವಗೀತೆಯಾದರೆ ಇನ್ನೂ ಸುಲಭ. ಪ್ರತಿ ಪದವೂ ಬಿಡಿಬಿಡಿಯಾಗಿ ತಿಳಿಯಬೇಕು.

ಬಾಸ್ ನೋಡೋಕೆ ಮೃದಂಗದಂಥ ಮಾಪಕ ಬೇರೆ ಇಲ್ಲ ಅಂತ ನನ್ನ ವಾದ. ಬಲಮುಖದಲ್ಲಿ ಕಪ್ಪು ಕರಣೆ ಇರುತ್ತೆ, ಅದರ ನಾದ ಖಣಿಲ್ ಅಂತ ಸ್ವರದಲ್ಲಿ ನಿಲ್ಲುತ್ತೆ. ಎಡಮುಖಕ್ಕೆ ಕಛೇರಿಗೆ ಮೊದಲು ರವೆ ಕಲಸಿ ಹಚ್ಚುತ್ತಾರೆ, ಅದರಿಂದ ಆಳದ ಗುಮ್. ಒಳ್ಳೇ ಬಡ್ಸ್‌ನಲ್ಲಿ ಎಡದ ಪೆಟ್ಟು ಬಿದ್ದು, ನಾದ ಕೊಟ್ಟು, ನಿಲ್ಲುತ್ತೆ. ಅದರ ಮೇಲೇ ಬಲದ ಪೆಟ್ಟು ಪ್ರತ್ಯೇಕವಾಗಿ ಕೇಳುತ್ತೆ. "ಎಕ್ಸ್‌ಟ್ರಾ ಬಾಸ್" ಬಡ್ಸ್‌ನಲ್ಲಿ ಎಡದ್ದು ಗುಂಯ್ ಅಂತ ಎಳೆದಾಡಿ ಬಲದ್ದನ್ನು ನುಂಗಿಬಿಡುತ್ತೆ. ಕೆಳಸ್ವರ ಜೋರಾದರೆ ಅದಕ್ಕಿಂತ ಮೇಲಿನ ಸ್ವರಗಳನ್ನು ಮರೆಮಾಡುತ್ತೆ, ಇದೂ ಕಿವಿಯ ಗುಣವೇ. "ಬಾಸ್ ಸಕತ್ತಾಗಿದೆ" ಅಂದಾಗ ಕಳೆದುಕೊಂಡಿರೋದು ಹಾಡುಗಾರನ ದನಿ ಇರಬಹುದು. ಕರಾವಳಿಯವರಾದರೆ ಯಕ್ಷಗಾನ ಹಾಕಿ. ಚೆಂಡೆ ಏರಿದಾಗಲೂ ಭಾಗವತರ ಸಾಹಿತ್ಯ ತಿಳೀತಾ ಇದ್ದರೆ ಆ ಬಡ್ಸ್‌ಗೆ ಅರ್ಧ ಮಾರ್ಕ್ಸ್ ಅಲ್ಲೇ ಕೊಡಿ.

ಹಳೇ ಮೋನೋ ರೆಕಾರ್ಡಿಂಗ್ ಕೂಡ ಕೆಲಸಕ್ಕೆ ಬರುತ್ತೆ. ಕಪ್ಪು ಬಿಳುಪಿನ ಕಾಲದ ಪಿ.ಬಿ. ಶ್ರೀನಿವಾಸ್ ಹಾಡುಗಳಲ್ಲಿ ಎರಡೂ ಕಿವಿಗೆ ಬರೋದು ಒಂದೇ ಸದ್ದು. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಬಡ್ ಎಡಬಲ ಬದಲಿಸೋಕೆ ಆಗಲ್ಲ, ಆಕಾರ ಬೇರೆ. ಆದ್ದರಿಂದ ಇನ್ನೊಬ್ಬರ ಕಿವಿಗೆ ಕೊಟ್ಟು ಕೇಳಿ, ತುದಿ ಒರೆಸಿ ಕೊಡಿ. ಅವರಿಗೂ ವಾಲಿದರೆ ಬಡ್ ತಪ್ಪು. ಅವರಿಗೆ ಸರಿಯಾಗಿ ಕೇಳಿ ನಿಮಗೆ ಮಾತ್ರ ವಾಲಿದರೆ, ತುದಿಯನ್ನೂ ಸರಿಯಾಗಿ ಕೂರಿಸಿ ಆಗಿದ್ದರೆ, ಪ್ರಶ್ನೆ ಕಿವಿಯದ್ದು.

ನನ್ನ ಹಿಂದಿನ ಟೀಮಿನಲ್ಲಿದ್ದ ಒಬ್ಬ ಗೆಳೆಯನಿಗೆ ಆಗಿದ್ದು ಇದೇ. ವಯಸ್ಸು 29. ಎರಡು ವರ್ಷದಲ್ಲಿ ಮೂರು ಜೊತೆ ಇಯರ್‌ಬಡ್ಸ್ ಬದಲಾಯಿಸಿದ್ದ, ಪ್ರತಿಯೊಂದಕ್ಕೂ ಒಂದೇ ದೂರು: "ಸೌಂಡ್ ಡಲ್ ಕಣೋ, ಮಾತು ಕ್ಲಿಯರ್ ಇಲ್ಲ." ಮೂರನೆಯದನ್ನು ನಾನು ತಗೊಂಡು ಕೇಳಿದೆ. ಅವನು ಇಟ್ಟಿದ್ದ ವಾಲ್ಯೂಮಿಗೆ ನನಗೆ ಬೆಚ್ಚಿ ಬಿದ್ದ ಹಾಗಾಯ್ತು. ಕಡಿಮೆ ಮಾಡಿ ಕೇಳಿದರೆ ಬಡ್ಸ್‌ನಲ್ಲಿ ಏನೂ ದೋಷ ಇರಲಿಲ್ಲ. ಮನೆಯವರ ಒತ್ತಾಯಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದ. ಗ್ರಾಫಿನಲ್ಲಿ ಕೆಳಸ್ವರಗಳೆಲ್ಲ ಸರಿ ಇದ್ದು, 4,000 ಹರ್ಟ್ಜ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಜೋರು ಸದ್ದಿನಿಂದ ಆಗೋ ಹಾನಿ ಸಾಮಾನ್ಯವಾಗಿ ಅಲ್ಲೇ ಶುರುವಾಗೋದಂತೆ. ಮಾತು ಕೇಳುತ್ತೆ, ಆದರೆ ಅಕ್ಷರ ಬಿಡಿಸಿಕೊಳ್ಳೋಕೆ ಆಗಲ್ಲ. ಹೋದದ್ದು ಮತ್ತೆ ಬರಲ್ಲ ಅಂತ ಡಾಕ್ಟರ್ ಹೇಳಿದ್ದಕ್ಕೆ ಅವನು ಎರಡು ದಿನ ಸಪ್ಪಗಿದ್ದ. ಈಗ ಫೋನಿನಲ್ಲಿ ವಾಲ್ಯೂಮ್ ಲಿಮಿಟ್ ಹಾಕಿಕೊಂಡಿದ್ದಾನೆ, ಮೀಟಿಂಗಿಗೆ ಲ್ಯಾಪ್‌ಟಾಪ್ ಸ್ಪೀಕರ್ ಬಳಸ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇಷ್ಟು: ವಯಸ್ಕರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತೆ. 90ಕ್ಕೆ ಬರುವಷ್ಟರಲ್ಲಿ ಉಳಿಯೋದು ವಾರಕ್ಕೆ 4 ಗಂಟೆ, ಅಂದರೆ ಮೆಟ್ರೋದಲ್ಲಿ ಎರಡು ಮೂರು ದಿನ ಓಡಾಡಿದರೆ ಖಾಲಿ. ಐಫೋನಿನ ಹೆಲ್ತ್ ಆ್ಯಪ್ ಈ ಮಟ್ಟವನ್ನು ತೋರಿಸುತ್ತೆ, ಕೆಲವು ಆಂಡ್ರಾಯ್ಡ್ ಫೋನುಗಳೂ ಎಚ್ಚರಿಸುತ್ತವೆ. ಕಿವಿಯೊಳಗೆ ಸುಮ್ಮಸುಮ್ಮನೆ ಗುಂಯ್ ಅನ್ನೋದು, ಎದುರಿಗಿದ್ದವರು ಗೊಣಗುತ್ತಿದ್ದಾರೆ ಅನಿಸೋದು ಇದ್ದರೆ ಹೊಸ ಬಡ್ಸ್ ಹುಡುಕಬೇಡಿ. ಆಡಿಯೋಮೆಟ್ರಿ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದ ಜಾಗ. ಬೇರೆ ಊರಿನವರಿಗೆ ಇಎನ್‌ಟಿ ಡಾಕ್ಟರ್ ಇದ್ದಾರೆ.

ಗದ್ದಲದಲ್ಲಿ ಕೇಳೋರಿಗೆ ನಾಯ್ಸ್ ಕ್ಯಾನ್ಸಲೇಷನ್ ಇರೋ ಬಡ್ಸ್ ಶೋಕಿ ಅಲ್ಲ, ಕಿವಿಗೆ ನೆರವು. ಹೊರಗಿನ ಸದ್ದು ಇಳಿದರೆ ವಾಲ್ಯೂಮ್ ಏರಿಸೋ ಅಗತ್ಯ ಬೀಳಲ್ಲ. ಆದರೆ ಅದು ಬಸ್ಸಿನ ಇಂಜಿನ್, ಎಸಿ, ಫ್ಯಾನ್ ಇಂಥ ಒಂದೇ ಸಮನೆ ಬರೋ ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ತಡೆಯುತ್ತೆ. ಪಕ್ಕದ ಸೀಟಿನವರ ಫೋನ್ ಮಾತನ್ನು ಅಷ್ಟಾಗಿ ಅಲ್ಲ. ರಸ್ತೆ ದಾಟುವಾಗ ಮಾತ್ರ ಆಫ್ ಮಾಡಿ.

ಎಲ್‌ಡ್ಯಾಕ್, ಎಎಸಿ, ಆ್ಯಪ್ಟ್‌ಎಕ್ಸ್ ಅಂತ ಕೋಡೆಕ್ ಹೆಸರು ನೋಡಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಐಫೋನಿನಲ್ಲಿ ಎಲ್‌ಡ್ಯಾಕ್ ಕೆಲಸವೇ ಮಾಡಲ್ಲ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಬಡ್ಸ್‌ನ ಸ್ವರ ಸಮತೋಲ ಕೆಟ್ಟಿದ್ದರೆ ಯಾವ ಕೋಡೆಕ್ಕೂ ಉಳಿಸಲ್ಲ. ಒಂದು ವಿಷಯ ಮಾತ್ರ ಎಲ್ಲರಿಗೂ ಉಪಯೋಗ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಸೇರಿದ ಕೂಡಲೇ ಸೌಂಡ್ ಹಳೇ ಲ್ಯಾಂಡ್‌ಲೈನ್ ಥರ ಆಗುತ್ತಲ್ಲ, ಬಡ್ಸ್ ಕೆಟ್ಟಿದೆ ಅಂತ ಬೈಕೋಬೇಡಿ. ಬಡ್ಸ್‌ನ ಮೈಕ್ ಆನ್ ಆದರೆ ಬ್ಲೂಟೂತ್ ಎರಡೂ ಕಡೆಯ ಮಾತನ್ನು ಸಾಗಿಸೋ ಕರೆಯ ಮೋಡಿಗೆ ಹೋಗುತ್ತೆ, ಅಲ್ಲಿ ಗುಣಮಟ್ಟ ತೀರಾ ಇಳಿಯುತ್ತೆ. ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಿಸಿ, ಸ್ಪೀಕರ್ ಮಾತ್ರ ಬಡ್ಸ್ ಇರಲಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್ ಕೂಡಲೇ ವಾಪಸ್ ಬರುತ್ತೆ.

"ನೂರು ಗಂಟೆ ಓಡಿಸಿದರೆ ಸೌಂಡ್ ತೆರೆದುಕೊಳ್ಳುತ್ತೆ" ಅನ್ನೋರ ಮಾತಿಗೆ ಕಾಯುತ್ತಾ ಕೂತರೆ ವಾಪಸ್ ಕೊಡೋ ದಿನ ಮುಗಿದಿರುತ್ತೆ. ಅಷ್ಟು ಹೊತ್ತಿಗೆ ಬದಲಾಗೋದು ಹೆಚ್ಚಾಗಿ ನಮ್ಮ ಅಭ್ಯಾಸ. ಬಂದ ದಿನವೇ ಕೇಳಿ, ಮಾರನೇ ದಿನ ಅದೇ ಹಾಡು ಕಡಿಮೆ ವಾಲ್ಯೂಮಿನಲ್ಲಿ ಮುಕ್ಕಾಲು ಗಂಟೆ ಕೇಳಿ. ಕಿವಿ ನೋಯದೆ, ತೆಗೆದಿಡೋಣ ಅನಿಸದೆ ಇದ್ದರೆ ಇಟ್ಟುಕೊಳ್ಳಿ. ಕೆಲವು ಕಡೆ ಇಯರ್‌ಬಡ್ಸ್‌ಗೆ ದುಡ್ಡು ವಾಪಸ್ ಇಲ್ಲ, ಬದಲಿ ಪೀಸ್ ಮಾತ್ರ. ಆರ್ಡರ್ ಒತ್ತೋ ಮೊದಲು ಅದನ್ನೊಂದು ಓದಿ.

ಮತ್ತೆ, ಈಗ ಇರೋದೇ ಮಂಕಾಗಿದೆ ಅಂತ ಹೊಸದಕ್ಕೆ ಹೊರಟಿದ್ದರೆ, ರಬ್ಬರ್ ತುದಿ ಕಿತ್ತು ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಣ ಕಟ್ಟಿದ್ದರೆ ಬಡ್ ಅನ್ನು ಜಾಲರಿ ಕೆಳಮುಖವಾಗಿ ಹಿಡಿದು, ಒಣ ಹಲ್ಲುಜ್ಜೋ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ನೀರು ಬೇಡ, ಪಿನ್ನು ಬೇಡ, ಬಾಯಿಂದ ಊದೋದೂ ಬೇಡ. ರಬ್ಬರ್ ತುದಿಯನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.